ಟಾರ್ಪಾಲಿನ ಕೆಳಗಿನ ಮರಳು

ಶಿವಶಂಕರ್ ಕಾಂಕ್ರೀಟಿನ ತುಂಡೊಂದನ್ನು ಶಶಿಕಲಾಳ ಮೇಜಿನ ಮೇಲಿಟ್ಟು, ಹೆಬ್ಬೆರಳಿನಿಂದ ಅಂಚನ್ನು ಒತ್ತಿದ. ಅಂಚು ಪುಡಿಯಾಗಿ ಉದುರಿತು.

"ಇದು ಕಾಂಕ್ರೀಟೋ ರಸ್ಕೋ, ಮೇಡಂ? ಟೀಲಿ ಅದ್ಕೊಂಡು ತಿನ್ಬೋದು."

ಪೀಣ್ಯದ ಆ ಕಾರ್ಖಾನೆಯಲ್ಲಿ ಸಿಮೆಂಟ್ ಇಲ್ಲದೆ, ಹಾರುಬೂದಿಗೆ ಕ್ಷಾರದ ದ್ರಾವಣ ಬೆರೆಸಿ, ಜಿಯೋಪಾಲಿಮರ್ ಕಾಂಕ್ರೀಟಿನ ಚಪ್ಪಡಿ ಮಾಡುತ್ತಿದ್ದರು. ದ್ರಾವಣದ ಅಳತೆ, ಮರಳಿನ ಪರೀಕ್ಷೆ ಎರಡೂ ಶಶಿಕಲಾಳ ಕೆಲಸ. ಶಿವಶಂಕರ್ ಅಲ್ಲಿಯ ಮ್ಯಾನೇಜರು.

"ಮರಳು ಸರಿ ಇದೆ ಅಂತ ನೀವೇ ಬರ್ದಿದೀರ. ಅಂದ್ಮೇಲೆ ಸಲ್ಯೂಷನ್ ಕೆಡ್ಸಿರೋದೂ ನೀವೇ. ಸೋಮವಾರದಿಂದ ಬೇರೆಯವ್ರು ಬರ್ತಾರೆ. ಓನರ್ ಹೇಳ್ಬಿಟ್ರು."

ಮೂರು ವರ್ಷದಲ್ಲಿ ಅವಳು ಒಮ್ಮೆಯೂ ಅಳತೆ ತಪ್ಪಿರಲಿಲ್ಲ. ಮಗಳು ಕೃಪಾಗೆ ಡೆಂಗ್ಯೂ ಬಂದಾಗಲೂ ಆಸ್ಪತ್ರೆಯಿಂದ ನೇರ ಲ್ಯಾಬಿಗೇ ಬಂದಿದ್ದಳು. ಪ್ರತಿ ಲಾರಿಯ ಮರಳನ್ನೂ ಗಾಜಿನ ಜಾಡಿಯಲ್ಲಿ ಉಪ್ಪುನೀರಿನೊಂದಿಗೆ ಕುಲುಕಿ, ಮೂರು ಗಂಟೆ ಕಾದು, ಮೇಲೆ ನಿಂತ ಮಣ್ಣಿನ ಪದರವನ್ನು ಅಳೆದಿದ್ದಳು. ಯಾವತ್ತೂ ಕೂದಲೆಳೆಯಷ್ಟೇ.

ಹೊರಗೆ ಹಾರ್ನ್ ಕೇಳಿಸಿತು. ಡ್ರೈವರ್ ಮುನಿಯಣ್ಣನ ಮರಳು ಲಾರಿ. ಅವಳು ಎದ್ದು ಹೊರಟಳು. ಮುನಿಯಣ್ಣ ಎಂದಿನಂತೆ ಸ್ಯಾಂಪಲ್ ಚೀಲ ಹಿಡಿದು ಎದುರು ಬಂದ. ಗರ್ಭಕೋಶದ ಆಪರೇಷನ್ ಆಗಿ ಅವಳು ಕೆಲಸಕ್ಕೆ ಮರಳಿದ ದಿನವೇ, "ನೀವ್ಯಾಕಕ್ಕ ಲಾರಿ ಅತ್ತೋದು, ನಾನಿಲ್ವಾ" ಎಂದು ಲಾರಿ ಹತ್ತಿ ಮಾದರಿ ತೆಗೆಯುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದ. ಅವರೆಕಾಯಿ ಕಾಲದಲ್ಲಿ ವರ್ತೂರಿನ ತನ್ನ ಹೊಲದಿಂದ ಸೊಗಡಿನ ಕಾಯಿ ತಂದು ಕೊಡುತ್ತಿದ್ದ.

"ತಗೊಳಕ್ಕ. ಏನು, ಮುಖ ಸಪ್ಗಿದೆ?"

ಚೀಲ ಭರ್ತಿಯಾಗಿತ್ತು. ಶಶಿಕಲಾ ಅದನ್ನು ನೋಡಿದಳು, ಲಾರಿಯನ್ನು ನೋಡಿದಳು. ಟಾರ್ಪಾಲಿನ ಹಗ್ಗ ಒಂದೂ ಬಿಚ್ಚಿರಲಿಲ್ಲ.

"ಮುನಿಯಣ್ಣ, ಹಗ್ಗ ಬಿಚ್ಚು."

"ಮೊದ್ಲು ಟೆಸ್ಟ್ ಮಾಡ್ಕೊಳಿ. ಆಮೇಲ್ ಬಿಚ್ಚಿದ್ರಾಯ್ತು."

"ಬಿಚ್ಚು ಅಂದೆ."

ಅವನು ಹಗ್ಗ ಬಿಚ್ಚಿದ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೈರಿನ ಮೇಲೆ ಕಾಲಿಟ್ಟು ಅವಳು ಹತ್ತಿದಳು. ಕೆಳಹೊಟ್ಟೆ ಚುಳ್ಳೆಂದಿತು. ಮರಳಿನೊಳಗೆ ಮೊಣಕೈವರೆಗೆ ಕೈ ತೂರಿಸಿ ಹಿಡಿ ತುಂಬ ತೆಗೆದಳು. ಹಿಸುಕಿದರೆ ಉಂಡೆಯಾಯಿತು. ಅಂಗೈ ಕೆಂಪಗಾಯಿತು. ಉಂಡೆಯೊಳಗೆ ಹುಲ್ಲಿನ ಬೇರಿತ್ತು. ಹೊಳೆಯದಲ್ಲ, ಹೊಲದ ಮಣ್ಣು ತೊಳೆದು ಮಾಡಿದ ಮರಳು.

"ಎಷ್ಟು ದಿನದಿಂದ?"

ಮುನಿಯಣ್ಣ ಮೇಲೆ ನೋಡಲಿಲ್ಲ. "ಚೀಲ ನಾನ್ ತುಂಬಕ್ ಶುರು ಮಾಡ್ದಾಗಿಂದ್ಲೂ. ಒಳೇ ಮರಳು ಈಗೆಲ್ಲಕ್ಕ ಸಿಕ್ತದೆ? ನಮ್ ಸಾವ್ಕಾರ್ರು ಏಳಿದಂಗ್ ಮಾಡ್ದೆ. ಆದ್ರೂ ನಿಮ್ಗೆ ಕೊಡೋ ಚೀಲಕ್ಕೆ ಮಾತ್ರ ಒಳ್ಳೇದ್ನೇ ಜರಡಿ ಇಡ್ದು ತುಂಬ್ತಿದ್ದೆ. ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ."

"ನಂಗೆ ತೊಂದ್ರೆ ಆಗ್ಬಾರ್ದು ಅಂತ," ಎಂದಳು ಶಶಿಕಲಾ. ಇಳಿಯುವಾಗ ಅವನು ಚಾಚಿದ ಕೈಯನ್ನು ಹಿಡಿಯಲಿಲ್ಲ.

ಮೂರು ಗಂಟೆಯ ನಂತರ ಜಾಡಿಯಲ್ಲಿ ಮಣ್ಣು ಎರಡು ಬೆರಳಿನಷ್ಟು ನಿಂತಿತ್ತು. ಶಿವಶಂಕರ್ ಬಗ್ಗಿ ನೋಡಿ ಉಸಿರು ಬಿಟ್ಟ.

"ಸದ್ಯ, ಸಲ್ಯೂಷನ್ ತಪ್ಪಲ್ಲ. ನೀವು ಬಚಾವ್ ಮೇಡಂ, ಓನರ್‌ಗೆ ನಾನು ಹೇಳ್ತೀನಿ. ರಿಜಿಸ್ಟರಲ್ಲಿ ಇವತ್ತಿನದು ಮಾತ್ರ ಬರೀರಿ."

"ಹಳೇದು?"

"ಆ ಚಪ್ಪಡಿ ಎಲ್ಲಾ ಹಾಕಾಯ್ತು, ಜನ ಓಡಾಡ್ತಿದಾರೆ. ಕೆದಕಿದ್ರೆ ಎಲ್ಲದ್ರಲ್ಲೂ ಇರೋದು ನಿಮ್ ಸೈನೇ. ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ. ಯೋಚ್ನೆ ಮಾಡಿ."

ಅವನು ಹೋದ ಮೇಲೆ ಅವಳು ಇವತ್ತಿನದನ್ನು ಬರೆದಳು. ನಂತರ ಪುಟಗಳನ್ನು ಹಿಂದಕ್ಕೆ ತಿರುವುತ್ತ ಹೋಗಿ, ಆಪರೇಷನ್ ಆದ ಮೇಲಿನ ಮೊದಲ ಸಹಿಯ ಬಳಿ ನಿಂತಳು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ಈ ಮಾದರಿ ನಾನು ತೆಗೆದದ್ದಲ್ಲ' ಎಂದು ಬರೆದಳು. ಆಮೇಲೆ ಎರಡನೆಯದರ ಕೆಳಗೆ. ಮೂರನೆಯದರ ಕೆಳಗೆ. ಉಗುರಿನ ಸಂದಿಯಲ್ಲಿ ಉಳಿದ ಕೆಂಪು ಮಣ್ಣು ಬೆವರಿಗೆ ನೆನೆದು, ತಿರುವಿದ ಪುಟದ ಅಂಚಿಗೆಲ್ಲ ಹತ್ತುತ್ತಿತ್ತು.