ಕರ್ತೃವಿನ ಸಾಲಿನಲ್ಲಿ ಗುರುಗಳ ಹೆಸರು

ಗೋಪಾಲಾಚಾರ್ಯರ ಶ್ರಾದ್ಧ ಈ ವರ್ಷ ಬುಧವಾರವೇ ಆಗಬೇಕೆಂಬುದರಲ್ಲಿ ಅವರ ಶಿಷ್ಯ, ಜಮಖಂಡಿಯ ವೇದವ್ಯಾಸಾಚಾರ್ಯರಿಗೆ ಎಳ್ಳುಕಾಳಿನಷ್ಟೂ ಸಂದೇಹವಿರಲಿಲ್ಲ. ಸಂದೇಹವಿಲ್ಲದಿದ್ದುದೇ ಅವರ ಸಂಕಟ. ಎಲ್ಲರ ಮೊಬೈಲಿನಲ್ಲಿ ಸೇರಿಕೊಂಡಿದ್ದ ‘ತಿಥಿದೀಪ’ವೆಂಬ ಪಂಚಾಂಗ ಗುರುವಾರವೆನ್ನುತ್ತಿತ್ತು, ಗುರುಗಳ ಒಬ್ಬನೇ ಮಗ ಧೀರೇಂದ್ರ ಅದನ್ನಲ್ಲದೆ ಬೇರೆ ಪಂಚಾಂಗವನ್ನು ನಂಬುತ್ತಿರಲಿಲ್ಲ.

ದೋಷ ಸಣ್ಣದು. ದೇವಕಾರ್ಯಕ್ಕೆ ಸೂರ್ಯೋದಯದ ತಿಥಿ, ಪಿತೃಕಾರ್ಯಕ್ಕೆ ಅಪರಾಹ್ಣದ, ಎಂದರೆ ಹೊತ್ತು ವಾಲಿದ ಮೇಲಿನ ತಿಥಿ. ಗುರುಗಳು ತೀರಿಕೊಂಡ ತಿಥಿಯಾದ ನವಮಿ ಬುಧವಾರ ಸೂರ್ಯೋದಯದ ನಂತರ ಹುಟ್ಟಿ ಗುರುವಾರ ಮಧ್ಯಾಹ್ನದೊಳಗೇ ತೀರಿಹೋಗುತ್ತಿತ್ತು. ‘ತಿಥಿದೀಪ’ ಎರಡಕ್ಕೂ ಸೂರ್ಯೋದಯವನ್ನೇ ಹಿಡಿದಿತ್ತು.

ಆಚಾರ್ಯರ ಮಗಳು ವರದಾ ಅದೇ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ‘ತಿಥಿದೀಪ’ ಓಪನ್ ಸೋರ್ಸ್, ಅದರ ಕೋಡ್ ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು, ಆದರೆ ಕಳಿಸುವುದಕ್ಕೆ ನಿಯಮಗಳಿವೆ ಎಂದು ಆಕೆ ಓದಿ ಹೇಳಿದಳು. ಒಂದು ಸಲಕ್ಕೆ ಒಂದೇ ತಿದ್ದುಪಡಿ. ತಪ್ಪನ್ನು ಉದಾಹರಣೆಯಿಂದ ತೋರಿಸಿದ ಮೇಲೆಯೇ ಪರಿಹಾರ. ಹಿಂದೆ ಬರೆದವರನ್ನು ಹಳಿಯಕೂಡದು. ಇದು ಪಂಡಿತರು ಶಾಸ್ತ್ರ ಚರ್ಚಿಸುವ ವಾಕ್ಯಾರ್ಥಸಭೆಯ ಶಿಸ್ತೇ ಎಂದು ಆಚಾರ್ಯರು ಹಿಗ್ಗಿದರು. ಗುರುಗಳು ರಚಿಸಿ, ಎಲ್ಲೂ ಅಚ್ಚಾಗದೆ ಉಳಿದ ತಿಥಿನಿರ್ಣಯದ ಕೋಷ್ಟಕಗಳನ್ನು ಅವರು ವಿವರಿಸಿದರು. ಮಗಳು ಕೋಡ್ ಬರೆದಳು. ಕೊನೆಗೆ ಕೃತಿ ಯಾರದೆಂಬ ಘೋಷಣೆಯೊಂದು ಉಳಿಯಿತು.

“ಅಪ್ಪಾ, ಇಲ್ಲೆ ಕರ್ತೃವಿನ ಹೆಸರು. ನಿಮ್ಮದು ಹಾಕ್ಲಿ?”

“ಗೋಪಾಲಾಚಾರ್ಯರದು ಹಾಕು. ನಾ ಬರೇ ಬರಕೊಂಡಾಂವ.”

“ಕಳಸಾವ್ರ ಸ್ವಂತದ್ದಿರಬೇಕು ಅಂತ ಅದರೀ ನಿಯಮ.”

“ಗುರುಗಳ ಮನಿ ಅಡಗಿ ಉಂಡು, ಒಲಿ ಹಚ್ಚಿದಾಂವ ನಾನ ಅನ್ನಲೇನು? ಹಾಕು.”

ಆ ಪರಂಪರೆಯಲ್ಲಿ ಗ್ರಂಥವನ್ನು ಪ್ರತಿ ಮಾಡಿದ ಶಿಷ್ಯ ಕರ್ತೃವಿನ ಸ್ಥಾನದಲ್ಲಿ ಎಂದೂ ಕುಳಿತವನಲ್ಲ. ವರದಾ ಗುರುಗಳ ಹೆಸರನ್ನೇ ಬರೆದು, ಅವರು ದಿವಂಗತರೆಂದು ತಿಳಿಸಿ, ತಂದೆ ಹೇಳಿದಂತೆ ‘ಶ್ರೀಕೃಷ್ಣಾರ್ಪಣಮಸ್ತು’ ಸೇರಿಸಿ ಕಳಿಸಿದಳು.

‘ತಿಥಿದೀಪ’ದವರ ಉತ್ತರ ವಿನಯದಿಂದಲೇ ಬಂತು. ಗಣಿತ ಸರಿಯಾಗಿದೆ, ಉದಾಹರಣೆಗಳು ತಾಳೆಯಾಗುತ್ತವೆ. ಆದರೆ ಕೃತಿ ಅನ್ಯರದು, ಅವರು ಈಗಿಲ್ಲ. ಆದ್ದರಿಂದ ವಾರಸುದಾರರ ಒಪ್ಪಿಗೆಯಿಲ್ಲದೆ ಸ್ವೀಕರಿಸಲಾಗದು.

ವಾರಸುದಾರನೆಂದರೆ ಧೀರೇಂದ್ರ. ಆಚಾರ್ಯರು ಅವನಿದ್ದ ಮುಧೋಳಕ್ಕೆ ಬಸ್ಸು ಹತ್ತಿದರು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಧೀರೇಂದ್ರ ಕಟ್ಟೆಯ ಮೇಲೆ ಕಾಲು ತೊಳೆಯುತ್ತಿದ್ದ.

“ಬಾರಪಾ, ಅಪ್ಪನ ಮಾನಸಪುತ್ರ,” ಎಂದ.

ಆಚಾರ್ಯರು ಎಲ್ಲವನ್ನೂ ಹೇಳಿದರು. ಧೀರೇಂದ್ರ ತಾಳ್ಮೆಯಿಂದ ಕೇಳಿದ.

“ಆ ಕೋಷ್ಟಕ ನಾ ಯಾವಾಗ ನೋಡೇನೋ ವ್ಯಾಸಾ? ನಿನಗ ಪಾಠ ಹೇಳೂಮುಂದ ನನಗ ಆಕಳ ಹೊಡಕೊಂಡು ಹೋಗಂತಿದ್ರು. ನೋಡಲಾರದ್ದಕ್ಕ ಹ್ಯಾಂಗ ಒಪ್ಪಿಗಿ ಕೊಡ್ಲಿ?”

“ಒಪ್ಪಿಗಿ ಬ್ಯಾಡ ಬಿಡು. ಬುಧವಾರ ಮಾಡು, ಅಷ್ಟ ಸಾಕು.”

“ಅಪ್ಪನ ತಿಥಿನೂ ನಿನ್ನನ್ನ ಕೇಳಿ ಮಾಡಲೇನು? ಮೊಬೈಲಿಗೆ ಪ್ರೀತಿಯ ಶಿಷ್ಯ ಅಂತ ಯಾರಿಲ್ಲ ನೋಡು. ಎಲ್ಲಾರಿಗೂ ಒಂದ ಹೇಳ್ತದ.”

ಗುರುಗಳು ಮಗನನ್ನು ಮಂದಮತಿಯೆಂದು ತಿಳಿದದ್ದು ನಿಜ. ಒಳಗೆ ಕುಳಿತ ಶಿಷ್ಯನಿಗೆ ಹೊರಗಿದ್ದವನ ನೆನಪು ಒಮ್ಮೆಯೂ ಬಾರದಿದ್ದುದೂ ನಿಜ.

ಮನೆಗೆ ಮರಳಿದವರು ಮಡಿಯನ್ನೂ ಉಡದೆ ಮಗಳ ಬಳಿ ಕುಳಿತರು. “ವರದಾ, ನನ್ನ ಹೆಸರು ಹಾಕು. ಎಲ್ಲಾ ನಂದ ಅಂತ ಬರಿ.”

ಆಕೆ ತಂದೆಯ ಮುಖವನ್ನು ನೋಡಿದಳು. ಹೇಳಿದಂತೆ ಬರೆದು ಕಳಿಸಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ಗುರುಗಳ ಸ್ವತ್ತು ವೇದವ್ಯಾಸಾಚಾರ್ಯರದೆಂದು ಲೋಕಕ್ಕೆ ಸಾರಲ್ಪಟ್ಟಿತು.

ಮರುದಿನದ ಉತ್ತರ ಚಿಕ್ಕದಾಗಿತ್ತು. ಇದು ಅನ್ಯರ ಕೃತಿಯೆಂದು ಮೊದಲು ನೀವೇ ತಿಳಿಸಿದ್ದೀರಿ. ತಿಳಿದದ್ದನ್ನು ತಿಳಿಯದಂತೆ ನಾವು ನಟಿಸಲಾರೆವು. ತಿದ್ದುಪಡಿಯನ್ನು ಸ್ವೀಕರಿಸದೆ ಮುಕ್ತಾಯಗೊಳಿಸಲಾಗಿದೆ.

“ಮೊದಲನೇ ದಿನಾನ ನಿಮ್ಮ ಹೆಸರು ಹಾಕಿದ್ರ ಯಾರೂ ಕೇಳ್ತಿದ್ದಿಲ್ಲರೀ, ಅಪ್ಪಾ,” ಎಂದಳು ವರದಾ.

ಆಡಿದ ಸತ್ಯದಿಂದ ಗುರುಗಳಿಗೆ ಒಂದು ತುತ್ತು ದೊರೆಯಲಿಲ್ಲ. ಆಡಿದ ಸುಳ್ಳಿನಿಂದಲೂ ದೊರೆಯಲಿಲ್ಲ. ನಾಲಿಗೆ ಮಾತ್ರ ಕೆಟ್ಟಿತು.

ಬುಧವಾರ ಬಂತು. ಔರಸಪುತ್ರನಿರುವಾಗ ಶಿಷ್ಯನಿಗೆ ಪಿಂಡವಿಡುವ ಅಧಿಕಾರವಿಲ್ಲ. ಉಪವಾಸವಿದ್ದ ಆಚಾರ್ಯರು ಬಿಸಿಲು ಪಡುವಣಕ್ಕೆ ವಾಲುವುದನ್ನು ನೋಡುತ್ತ ಪಡಸಾಲೆಯಲ್ಲಿ ಕುಳಿತಿದ್ದರು. ಅಪರಾಹ್ಣ ಕಾಲಿಡುತ್ತಲೇ ತಡೆಯಲಾರದೆ ಫೋನು ಮಾಡಿದರು. ಆ ಕಡೆ ಯಂತ್ರಗಳ ಸದ್ದು, ತಾಟುಗಳ ಸದ್ದು.

“ಊಟಕ್ಕ ಕೂತೇನೋ, ಈಗರ ಡಬ್ಬಿ ಬಿಚ್ಚೇನಿ,” ಎಂದ ಧೀರೇಂದ್ರ. ಬಾಯಲ್ಲಿ ತುತ್ತಿತ್ತು. ಅದನ್ನು ನುಂಗಿ, ದನಿ ತಗ್ಗಿಸಿದ. “ಅವತ್ತ ನಾ ಒಂದ್ಮಾತು ಹೆಚ್ಚ ಅಂದೆ. ಬ್ರಾಹ್ಮಣಾರ್ಥಕ್ಕ ಪಿತೃಗಳ ಜಾಗಾದಾಗ ಕೂತು ಉಣ್ಣಾವ್ರು ಒಬ್ಬರು ಕಡಿಮಿ ಆಗ್ಯಾರ. ನಾಳೆ ನೀನ ಬಂದು ಕೂಡು. ಅಪ್ಪನ ಜಾಗಾಕ್ಕ ನೀನ ಬರೋಬ್ಬರಿ.”

ಹೊತ್ತು ಮೀರುತ್ತಿತ್ತು. ಪಿತೃಗಳು ಈ ಘಳಿಗೆಯಲ್ಲಿ ಮಗನ ಹೊಸ್ತಿಲಿಗೆ ಗಾಳಿಯಾಗಿ ಬಂದು ನಿಲ್ಲುತ್ತಾರೆ, ಸೂರ್ಯಾಸ್ತದವರೆಗೆ ಕಾಯುತ್ತಾರೆ, ನಿಟ್ಟುಸಿರಿಟ್ಟು ಹಿಂತಿರುಗುತ್ತಾರೆ ಎಂದು ಕಲಿಸಿದವರು ಗೋಪಾಲಾಚಾರ್ಯರೇ.

“ಆತು, ಬರ್ತೇನಿ,” ಎಂದರು ಆಚಾರ್ಯರು. “ಮೊದಲ ನೀ ಉಣ್ಣು.”