ಬಾಗಿಲಲ್ಲಿ ಒಂದೇ ಜೊತೆ

ಇದನ್ನು ಹೇಳಲು ನಾನು ಯಾರು ಎಂಬ ಅಳುಕು ಈಗಲೂ ಇದೆ. ಪಾಠ ಹೇಳಿದವರ ಮೇಲೆ ಹಗೆ ಸಾಧಿಸಿದ ಕತೆ ಇದು. ಅದೂ ಅವರು ಕಲಿಸಿದ ವಿದ್ಯೆಯಿಂದಲೇ ಅನ್ನ ಉಣ್ಣುತ್ತ. ಓದುವವರು ಮನ್ನಿಸಬೇಕು. ಆದರೆ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಇಂದಿಗೂ ಆ ಚಪ್ಪಲಿಗಳೇ. ನಮ್ಮ ಮನೆಯ ಹೊಸ್ತಿಲ ಹೊರಗೆ, ಜೋಡಿ ತಪ್ಪಿ, ಒಂದರ ಮೇಲೊಂದು ಬಿದ್ದಿದ್ದ ಚಪ್ಪಲಿಗಳು.

ನಮ್ಮದು ಅಗರಬತ್ತಿ ಹೊಸೆಯುವವರ ಓಣಿ. ಮದುವೆ, ಸೀಮಂತಗಳಿಗೆ ತುದಿಯ ಬಯಲಲ್ಲಿ ಚಪ್ಪರ ಹಾಕುತ್ತಿದ್ದರು. ಒಂದು ಕೋಣೆಯ ಮನೆಯ ಮುಂದೆ ಅಷ್ಟು ಚಪ್ಪಲಿ ಸೇರುತ್ತಿದ್ದದ್ದು ಸಾವಾದಾಗ ಮಾತ್ರ. ಆಗ ನಾನು ಹಗಲು ಔಷಧಿ ಅಂಗಡಿಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಸಮಾಜಕಾರ್ಯ ಓದುತ್ತಿದ್ದೆ. ಅಂದು ಮಧ್ಯಾಹ್ನ ಊಟಕ್ಕೆ ಬರುವಾಗ ಓಣಿಯ ತಿರುವಿನಿಂದಲೇ ಅವು ಕಂಡವು. ಅಮ್ಮ ಹೋದಳು ಎಂದುಕೊಂಡು ಓಡಿದೆ.

ಅಮ್ಮ ಬದುಕಿದ್ದಳು. ಕಪ್ಪು ಹತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಲೆಯ ಮುಂದೆ ಕಾಫಿ ಕಾಸುತ್ತಿದ್ದಳು. ಚಾಪೆಯ ಮೇಲೆ, ಸುತ್ತಿಟ್ಟ ಹಾಸಿಗೆಯ ಮೇಲೆ, ಹಗಲು ತರಗತಿಯ ವಿದ್ಯಾರ್ಥಿಗಳು ತುಂಬಿದ್ದರು. ಇದ್ದ ಒಂದೇ ಕುರ್ಚಿಯಲ್ಲಿ ನಮಗೆ ಕ್ಷೇತ್ರಕಾರ್ಯ ಕಲಿಸುತ್ತಿದ್ದ ಹೈಮವತಿ ಮೇಡಂ ಕೂತಿದ್ದರು.

"ದಿನಕ್ಕೆ ಎಷ್ಟು ಸಲ ಊಟ ಮಾಡ್ತೀರಮ್ಮ?" ಎಂದು ಒಬ್ಬಳು ಕೇಳುತ್ತಿದ್ದಳು.

"ಎರಡು ಸಲ ಅಂತ ಬರ್ಕೊಳವ್ವ. ಹಬ್ಬದ ದಿನ ಲೆಕ್ಕ ಇಟ್ಟಿಲ್ಲ," ಎಂದು ಅಮ್ಮ ನಕ್ಕಳು.

"ನಿಮ್ಮ ಯಜಮಾನ್ರು ಕುಡೀತಿದ್ರಾ?"

ಅಮ್ಮನ ನಗು ನಿಂತಿತು. ಅಷ್ಟರಲ್ಲಿ ನನ್ನನ್ನು ಕಂಡು, "ನೋಡಿ, ನನ್ನ ಮಗಳು. ಇವಳೂ ನಿಮ್ಮ ಹಂಗೇ ಓದ್ತಾಳೆ," ಎಂದಳು.

ಮೇಡಂ ತಿರುಗಿದರು. "ನಿನ್ನ ಮನೆ ಅಂತ ಗೊತ್ತಿದ್ದೇ ಬಂದಿದ್ದು. ಪರಿಚಯದ ಮನೆಯಾದರೆ ಬಾಗಿಲು ಬೇಗ ತೆಗೀತಾರೆ. ಬಾ, ಕೂತುಕೋ, ನೀನೂ ಬರೆದುಕೋ."

ನಾನು ಕೂತು ನನ್ನ ಅಮ್ಮನನ್ನು ಬರೆದುಕೊಂಡೆ. ಮುಂದಿನ ವಾರ ತರಗತಿಯ ಕಪ್ಪು ಹಲಗೆಯ ಮೇಲೆ ನಮ್ಮ ಮನೆ ಬಂತು. ಗಾಳಿಯಿಲ್ಲ, ಬೆಳಕಿಲ್ಲ, ತಾಯಿ ಸಹಕರಿಸುವ ಸ್ವಭಾವದವಳು. ಗೃಹಭೇಟಿಗೆ ಮೊದಲೇ ಹೇಳಿಕಳಿಸಬೇಕು ಎಂದು ಅದೇ ಹಲಗೆಯ ಮೇಲೆ ಬರೆಸಿದ್ದವರೂ ಅವರೇ. ಅಮ್ಮ ಮಾತ್ರ ಸಾಯುವವರೆಗೂ, "ಎಂಥಾ ದೊಡ್ಡ ಮನಸ್ಸಿನ ಮೇಡಂ, ನನ್ನ ಮಾತೆಲ್ಲ ಬರೆಸಿಕೊಂಡರು," ಎನ್ನುತ್ತಿದ್ದಳು. ಅವಳು ಹಾಗೆಂದಾಗಲೆಲ್ಲ ನನ್ನ ಹಗೆಗೆ ಒಂದು ಹಿಡಿ ಸೌದೆ ಬಿದ್ದಂತಾಗುತ್ತಿತ್ತು.

ಓದು ಮುಗಿದು ನಾನು ಒಂದು ಶಾಲೆಯಲ್ಲಿ ಸಮಾಜ ಕಾರ್ಯಕರ್ತೆಯಾದೆ. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಹೋಗುವುದು, ಕೊಟ್ಟ ನೀರನ್ನು ಮೊದಲು ಕುಡಿಯುವುದು, ಮಗು ಸುಮ್ಮನಾದರೆ ತಾನೂ ಸುಮ್ಮನಿದ್ದು ಕಾಯುವುದು, ಎಲ್ಲವೂ ಹೈಮವತಿ ಮೇಡಂ ಕಲಿಸಿದ್ದೇ. ಅವರು ಕೆಟ್ಟ ಅಧ್ಯಾಪಕಿಯಾಗಿದ್ದರೆ ಮರೆತುಬಿಡುತ್ತಿದ್ದೆನೇನೋ. ಪಾಠ ದಿನವೂ ಉಪಯೋಗಕ್ಕೆ ಬರುತ್ತಿತ್ತು, ಹಾಗಾಗಿ ದಿನವೂ ಉರಿಯಿತು. ನನಗೆ ಈ ಕೆಲಸ ನಿಜವಾಗಿ ಬರುತ್ತದೆಯೇ ಎಂಬ ಅನುಮಾನವೂ ಅದರ ಜೊತೆಗೇ ಇರುತ್ತಿತ್ತು.

ಒಂದು ವರ್ಷ ಮಂದಾರ ಎಂಬ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಬೇರೆ ಊರಿನಿಂದ ಬಂದು ಸೇರಿದ್ದವಳು. ತಾಯಿ ತೀರಿಕೊಂಡಿದ್ದರು, ಅಜ್ಜಿಯ ಮನೆಯಲ್ಲಿದ್ದಳು. ಹೊಟ್ಟೆನೋವು ಎಂದು ಹೇಳಿಕಳಿಸುತ್ತಿದ್ದರು. ಇನ್ನೂ ಕೆಲವು ವಾರ ಬಾರದಿದ್ದರೆ ಅವಳ ಹೆಸರು ತೆಗೆಯಬೇಕಾಗುತ್ತಿತ್ತು. ಅಜ್ಜಿಯ ಹೆಸರು ಕೇಳಿದೆ. "ಹೈಮವತಿ ಅಂತ. ನಿಮ್ಮ ಹಾಗೇ ಸಮಾಜಕಾರ್ಯದವರು, ಕಾಲೇಜಿನಲ್ಲಿ ಪಾಠ ಮಾಡ್ತಿದ್ದರಂತೆ," ಎಂದರು ಮುಖ್ಯೋಪಾಧ್ಯಾಯಿನಿ.

ಅಂದು ನನಗೆ ಅನ್ನ ರುಚಿಸಿತು. ಗೃಹಭೇಟಿಗೆ ಒಬ್ಬ ವಿದ್ಯಾರ್ಥಿಯನ್ನು ಕರೆದೊಯ್ದರೆ ಸಾಕು. ನಾನು ನನ್ನ ಬಳಿ ತರಬೇತಿಗೆ ಬಂದಿದ್ದವರನ್ನೆಲ್ಲ ಹೊರಡಿಸಿದೆ. ಹೇಳಿಕಳಿಸಲಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನೂ ನಾನೇ ಕಲಿಸಿಕೊಟ್ಟೆ.

"ಮೇಡಂ, ಇಷ್ಟು ಜನ ಹೋದರೆ ಹೆಣ್ಣು ನೋಡೋಕೆ ಬಂದ್ರು ಅಂದ್ಕೋತಾರೆ," ಎಂದ ಸರ್ವೇಶ, ಅವರಲ್ಲಿ ಬಾಯಿ ಜೋರಿನವನು.

"ಅಂದುಕೊಳ್ಳಲಿ. ಚಪ್ಪಲಿ ಬಾಗಿಲಲ್ಲೇ ಬಿಡಿ," ಎಂದೆ.

ಮೇಡಂ ಕುಗ್ಗಿದ್ದರು, ಆದರೆ ಕುರ್ಚಿಯಲ್ಲಿ ಕೂರುವ ಠೀವಿ ಹಾಗೇ ಇತ್ತು. ನನ್ನ ಗುರುತು ಹತ್ತಿದಂತೆ ಕಾಣಲಿಲ್ಲ. ಮಂದಾರ ಅಂಗಡಿಗೆ ಹೋಗಿದ್ದಾಳೆ ಎಂದರು. ನಾನು ಸರ್ವೇಶನಿಗೆ ಕಣ್ಸನ್ನೆ ಮಾಡಿದೆ.

"ದಿನಕ್ಕೆ ಎಷ್ಟು ಸಲ ಊಟ ಮಾಡ್ತೀರಿ ಅಜ್ಜಿ?"

"ಮೂರು ಸಲ. ಹಸಿವಿಗಲ್ಲಪ್ಪ, ಮಾತ್ರೆಗೆ. ಮೊದಲು ನೀರು ಕುಡಿ, ಆಮೇಲೆ ಕೇಳು. ಇದನ್ನೂ ಹೇಳಿಕೊಟ್ಟಿಲ್ಲವಾ ನಿನಗೆ?"

ಮುಂದಿನ ಪ್ರಶ್ನೆ ಅವರ ಯಜಮಾನರದ್ದು. ಸರ್ವೇಶ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಏನೋ ಬಿದ್ದು ಉರುಳಿದ ಸದ್ದಾಯಿತು. "ಅಜ್ಜೀ!" ಎಂಬ ಚೀರು ಕೇಳಿತು. ಹುಡುಗಿಯೊಬ್ಬಳು ನಮ್ಮನ್ನೆಲ್ಲ ತುಳಿದುಕೊಂಡೇ ಓಡಿಬಂದು, ಕುರ್ಚಿಯಲ್ಲಿದ್ದವರ ಮುಖವನ್ನು ಎರಡೂ ಕೈಗಳಿಂದ ಮುಟ್ಟಿ ಮುಟ್ಟಿ ನೋಡಿದಳು.

ಮೇಡಂ ಅವಳನ್ನು ಅವುಚಿಕೊಂಡು ನನ್ನತ್ತ ನೋಡಿದರು. "ಹೇಳದೆ ಕೇಳದೆ ಒಂದು ಮನೆಗೆ ಇಷ್ಟು ಜನರನ್ನು ನುಗ್ಗಿಸೋದನ್ನು ಯಾರು ಕಲಿಸಿದರು ನಿಮಗೆ?"

"ನೀವೇ, ಮೇಡಂ."

ವಿದ್ಯಾರ್ಥಿಗಳು ತಲೆ ತಗ್ಗಿಸಿದರು. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಯಾವ ಬ್ಯಾಚು?"

"ಸಂಜೆ ಕ್ಲಾಸು. ಅಗರಬತ್ತಿ ಓಣಿ."

"ಸಂಜೆಯವರ ನೆನಪು ಕಡಿಮೆ. ಆ ದೀಪದಲ್ಲಿ ಯಾರ ಮುಖವೂ ನೆಟ್ಟಗೆ ಕಾಣ್ತಿರಲಿಲ್ಲ," ಎಂದರು.

ಇಷ್ಟು ವರ್ಷ ಕಾಯ್ದಿಟ್ಟ ಮಾತು ಆಡಿಯಾಗಿತ್ತು. ಅದು ಸಿಹಿಯಾಗಿತ್ತು ಎಂದೇ ಹೇಳಬೇಕು. ಆದರೆ ಅಷ್ಟರಲ್ಲಿ ಮಂದಾರ ಅಜ್ಜಿಯ ತೋಳಿನಿಂದ ಜಾರಿಕೊಂಡಿದ್ದಳು. ಹೊರಗೆ ಹೋಗಿ ನೋಡಿದರೆ, ಚೆಲ್ಲಿದ ಸಕ್ಕರೆಯ ಪೊಟ್ಟಣದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನಮ್ಮ ಚಪ್ಪಲಿಗಳನ್ನು ಜೋಡಿ ಹುಡುಕಿ, ಬಾಗಿಲಿಂದ ದೂರಕ್ಕೆ, ಕಾಂಪೌಂಡಿನ ಗೋಡೆಯ ಹತ್ತಿರಕ್ಕೆ ಒಯ್ದಿಡುತ್ತಿದ್ದಳು. ನಾನೂ ಕೂತು ಒಂದು ಜೊತೆ ಎತ್ತಿಕೊಟ್ಟೆ. ಏನೂ ಕೇಳದೆ ಕಾದೆ.

"ಅಮ್ಮ ಹೋದಾಗ ನಾನು ಶಾಲೇಲಿದ್ದೆ," ಎಂದಳು ಕೊನೆಗೆ. "ಬಂದಾಗ ಹಿಂಗೇ ಇದ್ವು."

ಬಾಗಿಲಲ್ಲಿ ಅಷ್ಟು ಚಪ್ಪಲಿ ಕಂಡರೆ ಏನನ್ನಿಸುತ್ತದೆ ಎಂಬುದು ಯಾವ ತರಗತಿಯೂ ಕಲಿಸದೆ ನನಗೆ ಗೊತ್ತಿತ್ತು. "ನಾನೂ ಒಂದು ಸಲ ಹೀಗೇ ಓಡಿದ್ದೆ," ಎಂದೆ.

"ನಿಮ್ಮಮ್ಮ?"

"ಕಾಫಿ ಮಾಡ್ತಿದ್ದರು."

ಹೊಟ್ಟೆನೋವಿನ ವಿಷಯ ನಾನು ಎತ್ತಲಿಲ್ಲ. ಶಾಲೆಗೆ ಬಂದರೆ, ಮಧ್ಯಾಹ್ನದ ಗಂಟೆ ಹೊಡೆದಾಗ ನಾನೇ ಈ ಬಾಗಿಲಿಗೆ ಬಂದು ಚಪ್ಪಲಿ ನೋಡಿ ಹೋಗಿ ಅವಳಿಗೆ ಹೇಳುತ್ತೇನೆ ಎಂದೆ. ಮಂದಾರ ಯೋಚಿಸಿ, "ಸುಳ್ಳು ಹೇಳಬಾರದು," ಎಂದಳು.

ಒಳಗೆ ಹೋಗಿ ಮೇಡಂಗೆ ತಿಳಿಸಿದೆ.

"ಅಂದರೆ ನಾನು ಸತ್ತಿದ್ದೇನಾ ಅಂತ ದಿನಾ ನೋಡಿ ಹೋಗ್ತೀರಿ?"

"ಹೌದು, ಮೇಡಂ."

"ದಿನಾ ನಿರಾಸೆ ಆಗುತ್ತೆ ನಿಮಗೆ," ಎಂದರು. ಕ್ಷಮೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮಂದಾರ ಶಾಲೆಗೆ ಬಂದಳು. ದಿನವೂ ಬಿಸಿಲಲ್ಲಿ, ನಾನು ದ್ವೇಷಿಸುವ ಹೆಂಗಸಿನ ಮನೆಗೆ ನಡೆದೆ. ಆಕೆಯ ಚಪ್ಪಲಿ ಜಗಲಿಯ ಒಳಮೂಲೆಯಲ್ಲಿರುತ್ತಿತ್ತು. ಗೇಟು ತೆಗೆದು, ಮೆಟ್ಟಿಲು ಹತ್ತಿ, ಕಳ್ಳಿಯ ಹಾಗೆ ಇಣುಕಬೇಕಿತ್ತು. ಹಿಂದಿರುಗಿ, "ಒಂದೇ ಜೊತೆ," ಎನ್ನುತ್ತಿದ್ದೆ. ಅವಳು ಊಟದ ಡಬ್ಬಿ ತೆರೆಯುತ್ತಿದ್ದಳು. ಹಗೆ ಇಳಿಯಲಿಲ್ಲ, ಆದರೆ ಆ ಹೆಂಗಸು ಬದುಕಿರಲಿ ಎಂದು ಗೇಟಿನವರೆಗೂ ಹರಸಿಕೊಳ್ಳುತ್ತ ಹೋಗುವುದು ಅಭ್ಯಾಸವಾಯಿತು.

ಹೀಗಿರುವಾಗ ಒಂದು ದಿನ ಮೂಲೆ ಖಾಲಿಯಿತ್ತು. ಆಮೇಲೆ ಕಂಡಿತು. ಚಪ್ಪಲಿಗಳು ಮೇಲಿನ ಮೆಟ್ಟಿಲ ನಟ್ಟನಡುವೆ, ಒಂದಕ್ಕೊಂದು ಒತ್ತಿಕೊಂಡು, ಬೀದಿಗೆ ಮುಖ ಮಾಡಿ ಕೂತಿದ್ದವು. ನಾನು ಅವನ್ನು ದಾಟಿಕೊಂಡೇ ಮೇಲೆ ಬಂದಿದ್ದೆ. ಅಂದಿನಿಂದ ಅವು ಅಲ್ಲೇ ಇರುತ್ತಿದ್ದವು, ಗೇಟು ತೆಗೆಯದೆಯೂ ಕಾಣುವಂತೆ.

ನಾನು ಆ ಮೆಟ್ಟಿಲು ಮತ್ತೆ ತುಳಿಯದಿರಲಿ ಎಂದು ಅಲ್ಲಿಟ್ಟರೋ, ಬಿಸಿಲಲ್ಲಿ ಬರುವವಳಿಗೆ ನಾಲ್ಕು ಹೆಜ್ಜೆ ಉಳಿಯಲಿ ಎಂದು ಇಟ್ಟರೋ, ನನಗೆ ಗೊತ್ತಿಲ್ಲ.