ಎರಡನೆಯ ಮೀನು

ನೀರಣ್ಣ ಬಕೆಟ್ಟು, ರಬ್ಬರ್ ಪೈಪು ಹಿಡಿದು ಹಲ್ಲಿನ ಕ್ಲಿನಿಕ್ಕಿನೊಳಗೆ ಕಾಲಿಟ್ಟಾಗ ಅವನ ಹೆಂಡತಿ ಮೇಜಿನ ಹಿಂದೆ ಕುಳಿತು ಫೋನಿನಲ್ಲಿ ಯಾರಿಗೋ ಸಮಯ ಕೊಡುತ್ತಿದ್ದಳು. ಗೋಡೆ ಪಕ್ಕದ ಗಾಜಿನ ತೊಟ್ಟಿಯಲ್ಲಿ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಿತ್ತು. ಒಳಗಿದ್ದ ಎರಡು ಮೀನುಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಸಂಜೆ ಬಾಗಿಲು ಹಾಕುವುದರೊಳಗೆ ತೊಟ್ಟಿ ಖಾಲಿಯಾಗಬೇಕೆಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು.

ತೊಟ್ಟಿ ಹೆಂಡತಿಯ ಆಸೆ. ಹೆದರಿ ಅಳುವ ಮಕ್ಕಳು ಮೀನು ನೋಡುತ್ತಾ ಸುಮ್ಮನಾಗುತ್ತಾರೆಂದು ತಿಂಗಳುಗಟ್ಟಲೆ ಡಾಕ್ಟರಮ್ಮನ ಬೆನ್ನು ಬಿದ್ದು ಒಪ್ಪಿಸಿದ್ದಳು. ಈಗ ತೊಟ್ಟಿ ಹೋದರೆ ಅಲ್ಲಿ ಅವಳ ಮಾತಿಗಿದ್ದ ಬೆಲೆಯೂ ಹೋದಂತೆ. ಅದಕ್ಕೆ ಕಾರಣ ತಾನೇ ಎಂಬುದು ನೀರಣ್ಣನಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು.

ಅವನು ಈಜುಕೊಳದ ಮೇಲ್ವಿಚಾರಕ. ನೀರಣ್ಣ ಎಂಬುದು ಅಲ್ಲಿಗೆ ಬರುವ ಹುಡುಗರು ಇಟ್ಟ ಹೆಸರು. ನೀರಿನಲ್ಲಿ ಜೀವವೆಂಬುದು ಏನಿದ್ದರೂ ಕೊಲ್ಲು, ಆಗ ನೀರು ತಿಳಿ, ಇದು ಅವನು ಕಲಿತ ವಿದ್ಯೆ. ಹೊಸ ತೊಟ್ಟಿ ಸ್ವಲ್ಪ ಮಬ್ಬಾಯಿತೆಂದು ಹೆಂಡತಿ ಅಂದದ್ದೇ ತಡ, ರಜೆಯ ದಿನ ಅವಳಿಗೆ ಹೇಳದೆ ಬೀಗದ ಕೈ ತಂದು, ಮೀನುಗಳನ್ನು ಬೇರೆ ಇಟ್ಟು, ಕಲ್ಲು, ಸ್ಪಂಜುಗಳನ್ನೆಲ್ಲ ಕುದಿಯುವ ನೀರಿನಲ್ಲಿ ತಿಕ್ಕಿ ತೊಳೆದಿದ್ದ. ಮರುದಿನ ತೊಟ್ಟಿ ಫಳಫಳ. ಅದರ ಮರುದಿನ ಹಾಲು. ಕಣ್ಣಿಗೆ ಕಾಣದ ಜೀವಿಗಳು ಆ ಕಲ್ಲು, ಸ್ಪಂಜುಗಳಲ್ಲಿ ನೆಲೆಯೂರಿದರೆ ಮಾತ್ರ ನೀರು ತಿಳಿಯಾಗುವುದು, ಅವು ಸಂಸಾರ ಹೂಡುವಾಗಲೇ ನಿಮ್ಮ ಯಜಮಾನರು ಮನೆ ಸುಟ್ಟುಬಿಟ್ಟರು ಎಂದು ಮೀನಿನ ಅಂಗಡಿಯವನು ನಕ್ಕನಂತೆ.

ಬೇರೆ ಯಾರಾದರೂ ಆಗಿದ್ದರೆ ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅವನ ನೀರಿಳಿಸುತ್ತಿದ್ದರು. ಇವಳು ಹೇಳಿದ್ದು ಇಷ್ಟೇ: "ಇನ್ಮೇಲೆ ನೀವು ಮುಟ್ಬೇಡಿ. ಮೀನಿಗೆ ಕಾಳು ಕಮ್ಮಿ ಹಾಕ್ತೀನಿ, ದಿನಾ ಒಂದೆರಡು ಚೊಂಬು ನೀರು ಬದಲಾಯಿಸ್ತೀನಿ. ಅದರ ಪಾಡಿಗೆ ಅದು ತಿಳಿಯಾಗತ್ತೆ."

ಬಂದವರು ಎಮ್ಮೆ ಕಟ್ಟಿದ್ದೀರಾ ಎಂದು ತಮಾಷೆ ಮಾಡಿದರೆ ತಾನೂ ನಕ್ಕಳು. ಡಾಕ್ಟರಮ್ಮ ಮುಖ ಗಂಟಿಕ್ಕಿದರೆ ಇನ್ನು ಸ್ವಲ್ಪ ದಿನ ಮೇಡಂ ಎಂದಳು. ತಾಳಿದವನು ಬಾಳಿಯಾನು ಎಂಬ ಮಾತನ್ನು ನೀರಣ್ಣ ಚಿಕ್ಕಂದಿನಿಂದ ಕೇಳಿದ್ದ. ತಾಳುವುದು ಎಂಥ ಗಟ್ಟಿ ಕೆಲಸವೆಂದು ಗೊತ್ತಾದದ್ದು ಇವಳನ್ನು ನೋಡಿದ ಮೇಲೆ. ಅವನ ಕೈಲಂತೂ ಆಗುತ್ತಿರಲಿಲ್ಲ.

ಬೆಂಚಿನ ಮೇಲೆ ಒಬ್ಬ ಅಜ್ಜಿ, ಪಕ್ಕದಲ್ಲಿ ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡ ಮೊಮ್ಮಗಳು. ಈ ಪುಟ್ಟಿ ಹಿಂದೆ ಬಂದಾಗಲೂ ಹಲ್ಲು ತೋರಿಸದೆ ಬಾಯಿಗೆ ಬೀಗ ಹಾಕಿಕೊಂಡೇ ವಾಪಸು ಹೋಗಿದ್ದಳಂತೆ. ಒಳಗಿನಿಂದ ಬಂದ ಡಾಕ್ಟರಮ್ಮ ಅವಳನ್ನು ನೋಡಿ ನಿಟ್ಟುಸಿರು ಬಿಟ್ಟರು. ಬಕೆಟ್ಟು ನೋಡಿ, "ಶುರು ಮಾಡಿ" ಎಂದರು.

ನೀರಣ್ಣ ಪೈಪು ಬಿಚ್ಚಿದ. ಹೆಂಡತಿ ಮೇಜು ಬಿಟ್ಟು ಎದ್ದಳು, ಆದರೆ ಅವನ ಹತ್ತಿರ ಬರಲಿಲ್ಲ. ಪುಟ್ಟಿಯ ಕೈ ಹಿಡಿದು ತೊಟ್ಟಿಯ ಮುಂದೆ ಕರೆತಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು.

"ಇದರಲ್ಲಿ ಎರಡು ಮೀನಿದೆ. ಕಿತ್ತಳೆ ಬಣ್ಣದ್ದು ಆಗಾಗ ಬರತ್ತೆ. ಕರೀದು ಬೆಳಗ್ಗಿಂದ ನನಗೂ ಸಿಕ್ಕಿಲ್ಲ. ನಿನಗೆ ಕಂಡ್ರೆ ಹೇಳ್ತೀಯಾ?"

ಪುಟ್ಟಿ ತುಟಿ ಪಿಟಕ್ಕೆನ್ನದೆ ಗಾಜಿಗೆ ಹಣೆ ಒತ್ತಿದಳು. ಕಿತ್ತಳೆ ಬಾಲವೊಂದು ಬಂದು ಮತ್ತೆ ಬಿಳುಪಿನಲ್ಲಿ ಕರಗಿತು. ಅವಳು ಹಣೆ ತೆಗೆಯಲಿಲ್ಲ. ನೀರಣ್ಣನೂ ಪೈಪು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಹುಡುಕತೊಡಗಿದ. ಆಮೇಲೆ ಆ ಮಬ್ಬಿನೊಳಗಿಂದ, ಸರಿಯಾಗಿ ಅವಳ ಮೂಗಿನೆದುರಿಗೇ, ಕರಿ ಮೀನು ದುಂಡು ಕಣ್ಣು ಬಿಟ್ಟುಕೊಂಡು ಮೂಡಿಬಂತು.

ಪುಟ್ಟಿಯ ಬಾಯಿ ದೊಡ್ಡದಾಗಿ ತೆರೆಯಿತು.

ಡಾಕ್ಟರಮ್ಮ ಜೇಬಿನಿಂದ ಪುಟ್ಟ ಟಾರ್ಚು ತೆಗೆದರು. "ಹಾಗೇ ನೋಡ್ತಾ ಇರು ಪುಟ್ಟಿ, ಹೋಗಿಬಿಟ್ಟೀತು," ಎಂದು ಪಿಸುಗುಟ್ಟಿ ಬಗ್ಗಿದರು. ಅವರಿಗೆ ಮಂಡಿ ನೋವು. ಕಣ್ಣನ್ನು ಪುಟ್ಟಿಯ ನೋಯುವ ಹಲ್ಲಿನ ಮೇಲಿಂದ ಕೀಳದೆ, ಕೂರಲು ಏನಾದರೂ ಬೇಕೆಂದು ಒಂದು ಕೈಯನ್ನು ಹಿಂದಕ್ಕೆ ಚಾಚಿದರು.

ನೀರಣ್ಣ ಹೆಂಡತಿಯ ಮುಖ ನೋಡಿದ. ಅವಳು ಮೀನನ್ನೇ ನೋಡುತ್ತಿದ್ದಳು. ಅವನು ಸದ್ದಾಗದಂತೆ ಬಕೆಟ್ಟನ್ನು ಬೋರಲು ಹಾಕಿ ಡಾಕ್ಟರಮ್ಮನ ಕಡೆ ಸರಿಸಿದ. ಅವರು ಅದರ ಮೇಲೆ ಕುಳಿತರು.